ಬೆಂಚಿನ ಸಿಟ್ಟಿಗೆ ದಂಡ ಕಟ್ಟುವವರು ಯಾರು?

ಮಳೆಗಾಲ ಮುಗಿದು ಮೈದಾನ ಒಣಗಿತೆಂದರೆ ಗೋವಾದಲ್ಲಿ ಟೂರ್ನಿಗಳ ಕಾಲ. ವಾಸ್ಕೊದಿಂದ ಮಾಪ್ಸಾವರೆಗೆ, ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಗಳದಿಂದ ಊರಿನ ಫುಟ್‌ಬಾಲ್ ಮೈದಾನದವರೆಗೆ, ಶನಿವಾರ ಭಾನುವಾರ ಎಲ್ಲೋ ಒಂದು ಕಡೆ ರೆಫ್ರಿಯ ಸೀಟಿ ಕೇಳುತ್ತಲೇ ಇರುತ್ತದೆ. ನಮ್ಮ ಕನ್ನಡ ಮನೆಗಳ ಮಕ್ಕಳೂ ಅಲ್ಲಿ ಆಡುತ್ತಾರೆ. ತಂದೆ ತಾಯಂದಿರು ನೀರಿನ ಬಾಟಲಿ ಹಿಡಿದು ಗೆರೆಯಾಚೆ ನಿಂತಿರುತ್ತಾರೆ. ಸೀಟಿಯ ಜತೆಗೆ ಅಲ್ಲಿ ಇನ್ನೊಂದು ದನಿಯೂ ಕೇಳುತ್ತದೆ. ಅದು ರೆಫ್ರಿಯ ಮೇಲೆ ಕೂಗಾಡುವ ಕೋಚ್‌ನ ದನಿ. ‘ಕಣ್ಣು ಕಾಣಿಸುವುದಿಲ್ಲವೇ’ ಎಂಬಲ್ಲಿಂದ ಶುರುವಾಗುವ ಇದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದು ಸ್ಕೋರಿನ ಮೇಲೆ ಹೋಗುತ್ತದೆ.

ಇದನ್ನು ಆಟದ ಬಿಸಿ ಎಂದು ನಾವು ತಳ್ಳಿಹಾಕುತ್ತೇವೆ. ಆದರೆ ಆ ಕೂಗಿಗೆ ಒಂದು ಬೆಲೆ ಇದೆ, ಅದನ್ನು ಕೂಗಿದವರೇ ಕಟ್ಟುವುದು ಅಪರೂಪ. ಇದಕ್ಕೆ ಉದಾಹರಣೆ ಹುಡುಕಿಕೊಂಡು ಅಮೆರಿಕಕ್ಕೋ ಯುರೋಪಿಗೋ ಹೋಗಬೇಕಾಗಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ಗೋವಾದಲ್ಲೂ ಬೆಂಗಳೂರಿನಲ್ಲೂ ನಡೆದದ್ದನ್ನೇ ನೋಡಿದರೆ ಸಾಕು. ಬಹುತೇಕ ಫುಟ್‌ಬಾಲಿನ ಪ್ರಕರಣಗಳು. ಗೋವಾದ ರಾಜ್ಯ ಕ್ರೀಡೆಯೇ ಅದಾದ್ದರಿಂದ ಅದು ಸಹಜ. ಬ್ಯಾಸ್ಕೆಟ್‌ಬಾಲಿನ ವಿಷಯ ಆಮೇಲೆ ಬರುತ್ತದೆ. ಈ ಕಾಯಿಲೆಗೆ ಮದ್ದು ಇರುವುದು ಆ ಆಟದ ನಿಯಮಪುಸ್ತಕದಲ್ಲಿ ಎಂದು ನನ್ನ ಭಾವನೆ.

ಕೋವಿಡ್ ಕಾಲದ 2020-21ರ ಇಂಡಿಯನ್ ಸೂಪರ್ ಲೀಗ್ ಪೂರ್ತಿಯಾಗಿ ಗೋವಾದಲ್ಲೇ ನಡೆಯಿತು. ಫತೋರ್ಡಾದ ನೆಹರೂ ಕ್ರೀಡಾಂಗಣ, ವಾಸ್ಕೊದ ತಿಲಕ್ ಮೈದಾನ, ಬಾಂಬೋಳಿಯ ಕ್ರೀಡಾಂಗಣ, ಈ ಮೂರರಲ್ಲೇ ಎಲ್ಲ ಪಂದ್ಯಗಳು. ದೇಶದ ಎಲ್ಲ ತಂಡಗಳು ಹೋಟೆಲುಗಳಲ್ಲಿ ಬೀಡುಬಿಟ್ಟು, ಹೊರಗಿನವರ ಸಂಪರ್ಕವಿಲ್ಲದೆ ತಿಂಗಳುಗಟ್ಟಲೆ ಇದ್ದವು. ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಟಿವಿಯವರು ಏನೇ ಸದ್ದು ಬೆರೆಸಿ ತೋರಿಸಿದರೂ ಮೈದಾನದೊಳಗೆ ಖಾಲಿ ಕುರ್ಚಿಗಳ ಮೌನ. ಜನ ತುಂಬಿದ ಫತೋರ್ಡಾದಲ್ಲಿ ಕೋಚ್ ಏನು ಕೂಗಿದರೂ ಗದ್ದಲದಲ್ಲಿ ಕರಗಿ ಹೋಗುತ್ತದೆ. ಆ ವರ್ಷ ಹಾಗಾಗಲು ಸಾಧ್ಯವಿರಲಿಲ್ಲ. ರೆಫ್ರಿಗೂ ಕೇಳುತ್ತಿತ್ತು, ಎದುರಾಳಿಗೂ ಕೇಳುತ್ತಿತ್ತು, ಮೈಕಿಗೂ ಕೇಳುತ್ತಿತ್ತು. ಕಟ್ಟುಪಾಡಿನ ಬದುಕಿನಿಂದ ನರಗಳೂ ಬಿಗಿದಿದ್ದವು ಎಂಬುದನ್ನು ಒಪ್ಪಿಕೊಳ್ಳೋಣ.

2021ರ ಫೆಬ್ರವರಿ 1ರಂದು ಒಡಿಶಾ ಎಫ್‌ಸಿ ತಂಡ ಜಮ್ಶೆಡ್‌ಪುರಕ್ಕೆ 0-1ರಿಂದ ಸೋತಿತು. ತಮ್ಮ ತಂಡಕ್ಕೆ ಪೆನಾಲ್ಟಿ ಸಿಗಬೇಕಿತ್ತು ಎಂಬುದು ಕೋಚ್ ಸ್ಟುವರ್ಟ್ ಬ್ಯಾಕ್ಸ್‌ಟರ್ ಅವರ ವಾದ. ದಕ್ಷಿಣ ಆಫ್ರಿಕದ ರಾಷ್ಟ್ರೀಯ ತಂಡವನ್ನೇ ನಡೆಸಿದ್ದ ಅನುಭವಿ ಅವರು. ಪಂದ್ಯದ ನಂತರದ ಸಂದರ್ಶನದಲ್ಲಿ, ನಮಗೆ ಪೆನಾಲ್ಟಿ ಸಿಗಬೇಕಾದರೆ ಏನಾಗಬೇಕು ಎಂದು ಹೇಳಲು ಹೋಗಿ ಅತ್ಯಾಚಾರದ ಹೋಲಿಕೆಯನ್ನು ಬಳಸಿದರು. ಅಂದೇ ಕ್ಲಬ್ ಕ್ಷಮೆ ಕೇಳಿತು. ಮರುದಿನ ಅವರ ಕೆಲಸ ಹೋಯಿತು. ತಂಡ ಆ ಋತುವನ್ನು ಪಟ್ಟಿಯ ಕಟ್ಟಕಡೆಯ ಸ್ಥಾನದಲ್ಲಿ ಮುಗಿಸಿತು.

ಆ ಮಾತು ಎಷ್ಟು ಹೀನವಾದದ್ದು ಎಂದು ವಿವರಿಸುವ ಅಗತ್ಯವಿಲ್ಲ. ಆದರೆ ಈ ಪ್ರಕರಣದಲ್ಲಿ ಯಾರೂ ಗಮನಿಸದ ಇನ್ನೊಂದು ಸಂಗತಿ ಇದೆ. ಅದು ನಿಜವಾಗಿ ಪೆನಾಲ್ಟಿ ಆಗಿತ್ತೇ ಇಲ್ಲವೇ ಎಂದು ಆ ಸಂಜೆಯ ನಂತರ ಯಾರೂ ಚರ್ಚಿಸಲಿಲ್ಲ. ರೆಫ್ರಿಯ ತೀರ್ಪು ತಪ್ಪೇ ಆಗಿದ್ದಿರಬಹುದು. ಕೋಚ್ ಬಾಯಿ ತೆರೆದ ಕ್ಷಣದಿಂದ ಸುದ್ದಿ ಕೋಚ್‌ನದ್ದಾಯಿತು, ರೆಫ್ರಿ ಪಾರಾದರು, ತಂಡದ ದೂರು ಕಸದ ಬುಟ್ಟಿ ಸೇರಿತು. ಹೋರಾಡಿ ಸೋತ ಹುಡುಗರ ಪಾಲಿಗೆ ಉಳಿದದ್ದು ಕೋಚ್ ಇಲ್ಲದ ಡ್ರೆಸ್ಸಿಂಗ್ ರೂಮ್.

ಅದೇ ಋತುವಿನ ಇನ್ನೊಂದು ತಂಡದ ಕಥೆ ಇದಕ್ಕಿಂತಲೂ ಬೋಧಪ್ರದ. ಈಸ್ಟ್ ಬೆಂಗಾಲ್ ತಂಡಕ್ಕೆ ಆಗ ಲಿವರ್‌ಪೂಲ್‌ನ ಹಳೆಯ ಹುಲಿ ರಾಬಿ ಫೌಲರ್ ಕೋಚ್. 2021ರ ಜನವರಿ 6ರಂದು ಎಫ್‌ಸಿ ಗೋವಾ ವಿರುದ್ಧದ ಪಂದ್ಯದಲ್ಲಿ ಅವರ ನಾಯಕ ಡ್ಯಾನಿಯಲ್ ಫಾಕ್ಸ್‌ಗೆ ರೆಡ್ ಕಾರ್ಡ್ ಬಿತ್ತು. ಕ್ಲಬ್ ಬರಹದಲ್ಲಿ ಆಕ್ಷೇಪ ಸಲ್ಲಿಸಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಶಿಸ್ತು ಸಮಿತಿ ಅದನ್ನು ಪರಿಶೀಲಿಸಿ ಕಾರ್ಡನ್ನು ರದ್ದುಮಾಡಿತು. ಎರಡು ಮೂರು ದಿನಗಳಲ್ಲಿ ಕೆಲಸ ಮುಗಿದಿತ್ತು, ಫಾಕ್ಸ್ ಮುಂದಿನ ಪಂದ್ಯಕ್ಕೆ ಸಿಕ್ಕಿದರು. ಅದಾಗಿ ತಿಂಗಳು ಕಳೆಯುವಷ್ಟರಲ್ಲಿ ಅದೇ ಫೌಲರ್‌ಗೆ, ರೆಫ್ರಿಗಳ ವಿಷಯದಲ್ಲಿ ನಡೆದುಕೊಂಡ ರೀತಿಗಾಗಿ, ಅದೇ ಶಿಸ್ತು ಸಮಿತಿ ನಾಲ್ಕು ಪಂದ್ಯಗಳ ಅಮಾನತು ಮತ್ತು 5 ಲಕ್ಷ ರೂಪಾಯಿ ದಂಡ ವಿಧಿಸಿತು.

ಒಂದೇ ಕ್ಲಬ್, ಒಂದೇ ಋತು, ಒಂದೇ ಸಮಿತಿ. ಕಾಗದದ ದಾರಿ ಹಿಡಿದಾಗ ಆಟಗಾರ ಮರಳಿ ಸಿಕ್ಕಿದ. ಬಾಯಿಯ ದಾರಿ ಹಿಡಿದಾಗ ಕೋಚ್ ಕೈತಪ್ಪಿದರು. ರೆಫ್ರಿಯ ತಪ್ಪನ್ನು ಪ್ರಶ್ನಿಸಲು ಬಾಗಿಲೇ ಇಲ್ಲ ಎಂದು ದೂರುವವರು ಈ ಎರಡು ಆದೇಶಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು.

ಇನ್ನು ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದದ್ದು ಎಲ್ಲರಿಗೂ ನೆನಪಿರಬಹುದು. 2023ರ ಮಾರ್ಚ್ 3, ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ನಾಕೌಟ್ ಪಂದ್ಯ. ನಿಗದಿತ ಅವಧಿಯಲ್ಲಿ ಗೋಲಿಲ್ಲ. ಹೆಚ್ಚುವರಿ ಸಮಯದ 96ನೇ ನಿಮಿಷದಲ್ಲಿ ಬೆಂಗಳೂರಿಗೆ ಫ್ರೀ ಕಿಕ್. ಬ್ಲಾಸ್ಟರ್ಸ್ ಆಟಗಾರರು ಗೋಡೆ ಕಟ್ಟಿ ಮುಗಿಸುವ ಮೊದಲೇ ಸುನಿಲ್ ಚೆಟ್ರಿ ಚೆಂಡನ್ನು ಬಲೆಗೆ ಒದ್ದರು. ರೆಫ್ರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ಮೈದಾನದೊಳಗೆ ಬಂದು ತಮ್ಮ ಆಟಗಾರರನ್ನೆಲ್ಲ ಹೊರಗೆ ಕರೆದುಕೊಂಡು ಹೋದರು. ಅವರು ಮರಳಿ ಬರಲಿಲ್ಲ. ಪಂದ್ಯ ಬೆಂಗಳೂರಿನದಾಯಿತು.

ಆ ಗೋಲು ಸರಿಯೋ ತಪ್ಪೋ ಎಂಬ ವಾದ ಇಂದಿಗೂ ಮುಗಿದಿಲ್ಲ, ನಮ್ಮಲ್ಲಿ ಬೆಂಗಳೂರು ಅಭಿಮಾನಿಗಳೇ ಹೆಚ್ಚಿರುವುದರಿಂದ ನಾನು ಅದಕ್ಕೆ ಕೈಹಾಕುವುದಿಲ್ಲ. ಕೋಚ್ ತಂಡವನ್ನು ಹೊರನಡೆಸಿದ ಕ್ಷಣದಲ್ಲಿ ಇನ್ನೂ ಸುಮಾರು 24 ನಿಮಿಷಗಳ ಆಟ ಬಾಕಿ ಇತ್ತು. ಸ್ಕೋರು 0-1. ಅಷ್ಟರಲ್ಲಿ ಒಂದು ಗೋಲು ಹೊಡೆಯುವುದು ಅಸಾಧ್ಯವೇನಲ್ಲ. ರೆಫ್ರಿ ಕಸಿದುಕೊಂಡದ್ದು ಒಂದು ಗೋಲು ಎಂದೇ ಇಟ್ಟುಕೊಳ್ಳಿ, ಆ 24 ನಿಮಿಷಗಳನ್ನು ಕಸಿದದ್ದು ಯಾರು?

ಮಾರ್ಚ್ ಕೊನೆಯಲ್ಲಿ ಶಿಕ್ಷೆ ಪ್ರಕಟವಾಯಿತು. ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ಬಹಿರಂಗ ಕ್ಷಮೆ ಕೇಳದಿದ್ದರೆ 6 ಕೋಟಿ. ಕೋಚ್‌ಗೆ ಹತ್ತು ಪಂದ್ಯಗಳ ನಿಷೇಧ, 5 ಲಕ್ಷ ದಂಡ. ಇಬ್ಬರೂ ಕ್ಷಮೆ ಕೇಳಿದರು. ಮೇಲ್ಮನವಿ ತಿರಸ್ಕೃತವಾಯಿತು. ಪತ್ರಿಕೆಗಳಲ್ಲಿ ಸುದ್ದಿ ಇಲ್ಲಿಗೆ ಮುಗಿದಂತೆ ಕಂಡಿತು.

ಆದರೆ ಜೂನ್‌ನಲ್ಲಿ ಇನ್ನೊಂದು ಪ್ರಕಟಣೆ ಬಂತು. ಕೇರಳ ಬ್ಲಾಸ್ಟರ್ಸ್ ತನ್ನ ಮಹಿಳಾ ತಂಡವನ್ನು ತಾತ್ಕಾಲಿಕವಾಗಿ ನಿಲ್ಲಿಸುವುದಾಗಿ ಹೇಳಿತು. ಫೆಡರೇಷನ್ ವಿಧಿಸಿದ ದಂಡದ ಹೊರೆಯೇ ಕಾರಣ ಎಂದು ಕ್ಲಬ್ ತಿಳಿಸಿತು. 2022ರ ಜುಲೈನಲ್ಲಿ ಶುರುವಾಗಿದ್ದ ಆ ತಂಡಕ್ಕೆ ಇನ್ನೂ ವರ್ಷ ತುಂಬಿರಲಿಲ್ಲ. ಆ ಹೆಣ್ಣುಮಕ್ಕಳಲ್ಲಿ ಒಬ್ಬರೂ ಮಾರ್ಚ್ 3ರಂದು ಕಂಠೀರವದ ಹುಲ್ಲಿನ ಮೇಲೆ ಇರಲಿಲ್ಲ. ಯಾರೂ ರೆಫ್ರಿಗೆ ಒಂದು ಮಾತು ಆಡಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಗೆ ಇದಕ್ಕಿಂತ ನೇರ ಉದಾಹರಣೆ ಬೇಕೆ? ಕೋಟ್ಯಂತರ ರೂಪಾಯಿ ವಹಿವಾಟಿನ ಕ್ಲಬ್ಬು ಉಳಿತಾಯಕ್ಕೆ ಮಹಿಳಾ ತಂಡವನ್ನೇ ಆರಿಸಿಕೊಂಡದ್ದು ಕ್ಲಬ್ಬಿನ ತಪ್ಪು, ಅದನ್ನು ಪೂರ್ತಿ ಕೋಚ್‌ನ ತಲೆಗೆ ಕಟ್ಟಲಾಗದು. ಆದರೂ ಸರಪಳಿಯ ಮೊದಲ ಕೊಂಡಿ ಅಂದು ರಾತ್ರಿ ಗೆರೆ ದಾಟಿದ ಹೆಜ್ಜೆಯೇ. ಅದೇ ಕೋಚ್ 2023ರ ಡಿಸೆಂಬರ್‌ನಲ್ಲಿ ರೆಫ್ರಿಗಳ ಬಗ್ಗೆ ಆಡಿದ ಮಾತಿಗಾಗಿ ಮತ್ತೆ ಒಂದು ಪಂದ್ಯ ಹೊರಗುಳಿಯಬೇಕಾಯಿತು. ದಂಡದಿಂದ ಬುದ್ಧಿ ಬರುತ್ತದೆ ಎಂದು ನಂಬುವವರಿಗೆ ಇದು ಗಮನದಲ್ಲಿರಲಿ.

ಕಥೆಯ ಮುಂದಿನ ಭಾಗ ಮತ್ತೆ ಗೋವಾಕ್ಕೆ ಬರುತ್ತದೆ. ಕಂಠೀರವದ ಘಟನೆ ನಡೆದು ಹದಿನೈದು ದಿನಕ್ಕೆ, ಮಾರ್ಚ್ 18ರಂದು, ಫತೋರ್ಡಾದಲ್ಲಿ ಫೈನಲ್. ಈ ಬಾರಿ ಬೆಂಗಳೂರು ಎಫ್‌ಸಿ ಎದುರು ಎಟಿಕೆ ಮೋಹನ್ ಬಾಗಾನ್. ಕರ್ನಾಟಕದಿಂದ ಬಸ್ಸು ಕಾರು ಹತ್ತಿ ಬಂದವರೂ ಇಲ್ಲಿಯ ಕನ್ನಡಿಗರೂ ಸೇರಿ ಸ್ಟ್ಯಾಂಡಿನ ಒಂದು ಭಾಗ ನೀಲಿಯಾಗಿತ್ತು. ಪಂದ್ಯ 2-2, ಪೆನಾಲ್ಟಿ ಶೂಟೌಟ್‌ನಲ್ಲಿ 4-3ರಿಂದ ಮೋಹನ್ ಬಾಗಾನ್‌ಗೆ ಕಪ್. ಪಂದ್ಯದ ನಡುವೆ ಬೆಂಗಳೂರಿನ ವಿರುದ್ಧ ಕೊಟ್ಟ ಪೆನಾಲ್ಟಿಯ ಬಗ್ಗೆ ಭಾರಿ ಅಸಮಾಧಾನ. ಲೀಗಿಗೆ ವಿಡಿಯೋ ರೆಫ್ರಿ ವ್ಯವಸ್ಥೆ ಬೇಕೇ ಬೇಕು ಎಂದು ತಂಡದ ಮಾಲೀಕ ಪಾರ್ಥ್ ಜಿಂದಾಲ್ ಬಹಿರಂಗವಾಗಿಯೇ ಬರೆದರು. ಹದಿನೈದು ದಿನದ ಹಿಂದೆ ರೆಫ್ರಿ ದೇವರಾಗಿದ್ದ, ಈಗ ಆತ ವಿಲನ್. ಆದರೆ ಒಂದು ವ್ಯತ್ಯಾಸ ಇತ್ತು. ಬೆಂಗಳೂರು ತಂಡ ಮೈದಾನ ಬಿಟ್ಟು ಹೋಗಲಿಲ್ಲ, ಕೊನೆಯ ಪೆನಾಲ್ಟಿಯವರೆಗೂ ಆಡಿ ಸೋತಿತು. ಮಾಲೀಕರು ಕೇಳಿದ್ದೂ ವ್ಯವಸ್ಥೆಯ ಬದಲಾವಣೆಯನ್ನು.

ಹಾಗಾದರೆ ರೆಫ್ರಿಗಳು ಸರಿ, ಕೋಚ್‌ಗಳೇ ತಪ್ಪು ಎನ್ನುವುದೇ? ಖಂಡಿತ ಅಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಮಾತನ್ನು ಸೋತ ಕೋಚ್‌ಗಳ ಮೇಲೆ ಎಸೆಯುವುದು ಸುಲಭ. ಆದರೆ ಕೆಲವೊಮ್ಮೆ ನೆಲವೂ ಡೊಂಕಾಗಿಯೇ ಇರುತ್ತದೆ. ಭಾರತದ ಫುಟ್‌ಬಾಲಿನಲ್ಲಿ ತೀರ್ಪಿನ ಗುಣಮಟ್ಟ ಸಾಲದು ಎಂಬುದನ್ನು ಫೆಡರೇಷನ್ನೇ ಒಪ್ಪಿಕೊಂಡಂತೆ, 2023ರಲ್ಲಿ ಇಂಗ್ಲೆಂಡಿನ ಮಾಜಿ ರೆಫ್ರಿ ಟ್ರೆವರ್ ಕೆಟಲ್ ಅವರನ್ನು ಮುಖ್ಯ ರೆಫ್ರಿ ಅಧಿಕಾರಿಯಾಗಿ ಕರೆತಂದಿತು. ಸ್ಥಳೀಯ ಮಟ್ಟದಲ್ಲಂತೂ ಒಬ್ಬನೇ ರೆಫ್ರಿ ದಿನಕ್ಕೆ ಮೂರು ನಾಲ್ಕು ಪಂದ್ಯ ನಡೆಸುವುದುಂಟು. ನಾಲ್ಕನೇ ಪಂದ್ಯದ ಕೊನೆಯಲ್ಲಿ ಅವನ ಕಾಲು ಸೋತಿರುತ್ತದೆ, ಆಟ ಒಂದು ತುದಿಯಲ್ಲಿದ್ದರೆ ಅವನು ನಡುವಿನಲ್ಲಿರುತ್ತಾನೆ. ತಪ್ಪುಗಳಾಗುತ್ತವೆ. ಕೋಚ್ ಅದನ್ನು ನೋಡಿಯೂ ಸುಮ್ಮನೆ ಕೂರಬೇಕು ಎಂದರೆ ಅದು ತನ್ನ ಆಟಗಾರರಿಗೆ ಮಾಡುವ ದ್ರೋಹವೇ. ಪ್ರಶ್ನಿಸುವುದು ಕೋಚ್‌ನ ಕೆಲಸದ ಭಾಗ. ಹೇಗೆ, ಯಾವಾಗ, ಯಾರ ಮೂಲಕ ಎಂಬುದರಲ್ಲೇ ಎಲ್ಲವೂ ಇದೆ.

ನಮ್ಮ ಗುಂಡಪ್ಪ ವಿಶ್ವನಾಥ್ ಅವರ ಪ್ರಸಂಗ ಇಲ್ಲಿ ನೆನಪಾಗುತ್ತದೆ. 1980ರ ಫೆಬ್ರವರಿ, ಮುಂಬಯಿಯ ವಾಂಖೆಡೆಯಲ್ಲಿ ಇಂಗ್ಲೆಂಡ್ ವಿರುದ್ಧ ಸುವರ್ಣ ಮಹೋತ್ಸವದ ಟೆಸ್ಟ್, ಭಾರತಕ್ಕೆ ವಿಶ್ವನಾಥ್ ನಾಯಕ. ಬಾಬ್ ಟೇಲರ್ ಕ್ಯಾಚ್ ಔಟ್ ಎಂದು ಅಂಪೈರ್ ಹನುಮಂತ ರಾವ್ ತೀರ್ಪಿತ್ತರು. ಚೆಂಡು ಬ್ಯಾಟಿಗೆ ತಾಗಿಲ್ಲ ಎಂದು ವಿಶ್ವನಾಥ್‌ಗೆ ಅನಿಸಿತು. ಅಂಪೈರ್ ಜತೆ ಮಾತನಾಡಿ ಟೇಲರ್ ಅವರನ್ನು ವಾಪಸು ಕರೆಸಿದರು. ಟೇಲರ್ ಮತ್ತು ಬಾತಮ್ 171 ರನ್ನುಗಳ ಜತೆಯಾಟ ಆಡಿದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಈ ಕಥೆಯನ್ನು ನಾವು ದೊಡ್ಡತನದ ಕಥೆಯಾಗಿ ಹೇಳುತ್ತೇವೆ, ಅದು ಸರಿಯೇ. ಆದರೆ ಅಂಪೈರ್‌ನ ತೀರ್ಪನ್ನು ಪ್ರಶ್ನಿಸಿ ಬದಲಾಯಿಸಿದ ಕಥೆಯೂ ಅದೇ ಎಂಬುದನ್ನು ಮರೆಯುತ್ತೇವೆ. ಕೈ ಬೀಸದೆ, ದನಿ ಎತ್ತರಿಸದೆ, ಆಟ ನಿಂತ ಹೊತ್ತಿನಲ್ಲಿ, ಅಧಿಕಾರವಿದ್ದ ಒಬ್ಬ ವ್ಯಕ್ತಿ ಕೇಳಿದ. ಅಂಪೈರ್‌ಗೂ ಮರ್ಯಾದೆ ಉಳಿಯಿತು. (ಮುಂದೆ ವಿಶ್ವನಾಥ್ ಮ್ಯಾಚ್ ರೆಫ್ರಿಯಾಗಿ ಕೆಲಸ ಮಾಡಿದರು, ಅವರ ನಂತರ ಜಾವಗಲ್ ಶ್ರೀನಾಥ್ 2006ರಲ್ಲಿ ಅದೇ ಹುದ್ದೆಗೆ ಬಂದರು. ಕರ್ನಾಟಕ ಕ್ರಿಕೆಟಿಗೆ ಈ ಕೆಲಸದ ನಂಟು ಹಳೆಯದು.)

ಎಲ್ಲರೂ ವಿಶ್ವನಾಥ್ ಆಗಲಾರರು. ಅದಕ್ಕೇ ನಿಯಮ ಬೇಕು. ಇಲ್ಲಿ ಬ್ಯಾಸ್ಕೆಟ್‌ಬಾಲಿನಿಂದ ಕಲಿಯುವುದಿದೆ.

ಬ್ಯಾಸ್ಕೆಟ್‌ಬಾಲ್ ಅಂಗಳ 28 ಮೀಟರ್ ಉದ್ದ, 15 ಮೀಟರ್ ಅಗಲ. ಫುಟ್‌ಬಾಲಿನಲ್ಲಿ ರೆಫ್ರಿ ಕೋಚ್‌ನಿಂದ ಅರ್ಧ ಫರ್ಲಾಂಗ್ ದೂರದಲ್ಲಿರಬಹುದು, ಇಲ್ಲಿ ರೆಫ್ರಿ ಬೆಂಚಿನ ಮುಂದೆಯೇ ಓಡುತ್ತಿರುತ್ತಾರೆ. ಒಳಾಂಗಣದಲ್ಲಿ ಪಿಸುಮಾತೂ ಕೇಳಿಸುತ್ತದೆ. ನಿಮಿಷಕ್ಕೆ ಹಲವು ಬಾರಿ ಮೈಗೆ ಮೈ ತಾಗುವ ಆಟ, ಪ್ರತಿ ಸಲವೂ ಫೌಲ್ ಹೌದೋ ಅಲ್ಲವೋ ಎಂಬ ತೀರ್ಪು. ಕೋಚ್ ಮತ್ತು ರೆಫ್ರಿ ಇಷ್ಟು ಹತ್ತಿರ ಇರುವುದರಿಂದಲೇ ಈ ಆಟ ಅವರ ಸಂಬಂಧವನ್ನು ಬರಹದಲ್ಲಿ ಕಟ್ಟಿಹಾಕಿದೆ. ಅಂತರರಾಷ್ಟ್ರೀಯ ಒಕ್ಕೂಟ ಫೀಬಾದ ನಿಯಮದಂತೆ ಪಂದ್ಯ ನಡೆಯುವಾಗ ಮುಖ್ಯ ಕೋಚ್ ಅಥವಾ ಮೊದಲ ಸಹಾಯಕ ಕೋಚ್, ಇಬ್ಬರಲ್ಲಿ ಒಬ್ಬರು ಮಾತ್ರ ಒಂದು ಹೊತ್ತಿಗೆ ನಿಂತಿರಬಹುದು. ಅದೂ ಬೆಂಚಿನ ಗೆರೆಯೊಳಗೆ. ಸಹಾಯಕ ಕೋಚ್ ರೆಫ್ರಿಗಳ ಜತೆ ಮಾತನಾಡುವಂತೆಯೇ ಇಲ್ಲ. ತಂಡದ ನಾಯಕ ಚೆಂಡು ನಿಂತು ಗಡಿಯಾರವೂ ನಿಂತಾಗ ಸೌಜನ್ಯದಿಂದ ವಿವರ ಕೇಳಬಹುದು.

ಮಿತಿ ಮೀರಿದರೆ ಟೆಕ್ನಿಕಲ್ ಫೌಲ್. ಎದುರಾಳಿಗೆ ಒಂದು ಫ್ರೀ ಥ್ರೋ ಸಿಗುತ್ತದೆ, ಅಂದರೆ ಬಹುಮಟ್ಟಿಗೆ ಒಂದು ಪಾಯಿಂಟು. ಸ್ವಂತ ವರ್ತನೆಗಾಗಿ ಎರಡು ಟೆಕ್ನಿಕಲ್ ಬಿದ್ದರೆ ಕೋಚ್ ಹೊರಗೆ. ಡ್ರೆಸ್ಸಿಂಗ್ ರೂಮಿಗೆ ಹೋಗಬೇಕು ಅಥವಾ ಕಟ್ಟಡವನ್ನೇ ಬಿಡಬೇಕು, ಗ್ಯಾಲರಿಯಲ್ಲಿ ನಿಂತು ಸನ್ನೆ ಮಾಡುವಂತಿಲ್ಲ. ಬೆಂಚಿನಲ್ಲಿ ಕೂತ ಬೇರೆ ಯಾರೇ ಕೂಗಿದರೂ ಅದು ಕೋಚ್‌ನ ಲೆಕ್ಕಕ್ಕೇ ಬರೆಯಲ್ಪಡುತ್ತದೆ, ಹಾಗೆ ಒಟ್ಟು ಮೂರಾದರೂ ಅವರು ಹೊರಗೆ. ಮನೆಯ ಹುಡುಗರು ಬೀದಿಯಲ್ಲಿ ಗಲಾಟೆ ಮಾಡಿದರೆ ಯಜಮಾನನನ್ನು ಕರೆಸುವ ನಮ್ಮ ಹಳ್ಳಿಯ ಪಂಚಾಯಿತಿಯ ಕ್ರಮದಂತೆಯೇ ಇದೂ.

ಈ ವ್ಯವಸ್ಥೆಯ ಜಾಣತನ ಇರುವುದು ಶಿಕ್ಷೆಯ ಗಾತ್ರದಲ್ಲಿ. ಒಂದು ಪಾಯಿಂಟು ಚಿಕ್ಕದು, ಆದರೆ ತಕ್ಷಣದ್ದು. ಕೋಚ್ ಕೂಗಿದ, ಎದುರಾಳಿ ಪಾಯಿಂಟು ಹೊಡೆದ, ಇಬ್ಬರ ನಡುವೆ ಅರ್ಧ ನಿಮಿಷ. ತನ್ನ ನಾಲಿಗೆ ತಂಡಕ್ಕೆ ಏನು ತಂದಿತು ಎಂಬುದು ಸ್ಕೋರ್‌ಬೋರ್ಡಿನ ಮೇಲೆ ಎಲ್ಲರಿಗೂ ಕಾಣುತ್ತದೆ. ಫುಟ್‌ಬಾಲಿನಲ್ಲಿ ಬಹುಕಾಲ ಇಂಥದ್ದು ಇರಲಿಲ್ಲ. ಮೈದಾನದಲ್ಲಿ ಏನೂ ಆಗದೆ, ಮೂರು ನಾಲ್ಕು ವಾರಗಳ ನಂತರ ಸಮಿತಿಯೊಂದು ಕೋಟಿಯ ಲೆಕ್ಕದಲ್ಲಿ ದಂಡ ಹಾಕುತ್ತದೆ. ಅಷ್ಟರಲ್ಲಿ ಅಪರಾಧಕ್ಕೂ ಶಿಕ್ಷೆಗೂ ಇರುವ ದಾರ ಸವೆದು, ದಂಡ ಹೋಗಿ ಇನ್ಯಾರದೋ ತಲೆಯ ಮೇಲೆ ಬೀಳುತ್ತದೆ. 2019ರಿಂದ ಫುಟ್‌ಬಾಲ್ ರೆಫ್ರಿಗಳೂ ಕೋಚ್‌ಗಳಿಗೆ ಹಳದಿ, ಕೆಂಪು ಕಾರ್ಡು ತೋರಿಸಬಹುದು. ಬೆಂಚಿನಲ್ಲಿ ಕೂಗಿದವರು ಯಾರೆಂದು ಗೊತ್ತಾಗದಿದ್ದರೆ ಅಲ್ಲಿರುವ ಹಿರಿಯ ಕೋಚ್‌ಗೇ ಕಾರ್ಡು. 2024ರ ಯುರೋ ಕಪ್‌ನಲ್ಲಿ ನಾಯಕ ಮಾತ್ರ ರೆಫ್ರಿಯ ಬಳಿ ಹೋಗಬಹುದು ಎಂಬ ಕಟ್ಟಳೆ ಬಂತು, ರೆಫ್ರಿಯ ಸುತ್ತ ಹನ್ನೊಂದು ಜನ ಮುತ್ತುವ ದೃಶ್ಯ ಕಡಿಮೆಯಾಯಿತು. ತಡವಾಗಿಯಾದರೂ ಫುಟ್‌ಬಾಲ್ ಬ್ಯಾಸ್ಕೆಟ್‌ಬಾಲಿನ ದಾರಿಗೆ ಬರುತ್ತಿದೆ.

ಬ್ಯಾಸ್ಕೆಟ್‌ಬಾಲ್ ಕೋಚ್‌ಗಳೆಲ್ಲ ಋಷಿಗಳು ಎಂದು ಇದರರ್ಥವಲ್ಲ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಬಾಬ್ ನೈಟ್ 1985ರ ಫೆಬ್ರವರಿಯಲ್ಲಿ ತೀರ್ಪಿನ ಮೇಲಿನ ಸಿಟ್ಟಿಗೆ ಪ್ಲಾಸ್ಟಿಕ್ ಕುರ್ಚಿಯನ್ನೇ ಅಂಗಳಕ್ಕೆ ಎಸೆದರು. ಅವರು ಗೆದ್ದ ಚಾಂಪಿಯನ್‌ಶಿಪ್‌ಗಳಿಗಿಂತ ಆ ಕುರ್ಚಿಯೇ ಜನರಿಗೆ ಹೆಚ್ಚು ನೆನಪಿದೆ.

ದೊಡ್ಡವರ ಕಥೆ ಹೀಗಾದರೆ ನಮ್ಮ ಮಕ್ಕಳ ಟೂರ್ನಿಗಳಲ್ಲಿ ಅಪಾಯ ಬೇರೆಯದೇ. ಅಲ್ಲಿ ಸೀಟಿ ಹಿಡಿದವನು ಹೆಚ್ಚಾಗಿ ಕಾಲೇಜು ಹುಡುಗ, ಅಥವಾ ಮೊನ್ನೆ ಮೊನ್ನೆಯವರೆಗೆ ಆಡುತ್ತಿದ್ದ ಹುಡುಗಿ. ಸಿಗುವುದು ಪೆಟ್ರೋಲ್ ಖರ್ಚು ಮತ್ತು ಒಂದು ಊಟ. ಅವರ ಅಪ್ಪನ ವಯಸ್ಸಿನ ಕೋಚ್ ಬೆರಳು ತೋರಿಸಿ ಕೂಗಿದರೆ ಎರಡರಲ್ಲಿ ಒಂದು ಆಗುತ್ತದೆ. ಹೆದರಿ ಮುಂದಿನ ತೀರ್ಪನ್ನು ಕೂಗಿದವರ ಕಡೆಗೆ ವಾಲಿಸುತ್ತಾರೆ, ಇಲ್ಲವೇ ಮುಂದಿನ ವರ್ಷ ಸೀಟಿ ಹಿಡಿಯಲು ಬರುವುದೇ ಇಲ್ಲ. ಮೊದಲನೆಯದು ಮೋಸ, ಎರಡನೆಯದು ನಷ್ಟ. ಅನುಭವಿ ರೆಫ್ರಿಗಳು ಸಿಗುವುದಿಲ್ಲ ಎಂದು ಗೊಣಗುವ ಸಂಘಟಕರು ಹೊಸಬರು ಎರಡನೇ ವರ್ಷಕ್ಕೆ ಉಳಿಯುತ್ತಾರೆಯೇ ಎಂದು ನೋಡಬೇಕು. ಇಂಗ್ಲೆಂಡಿನಲ್ಲಿ ಊರ ಮಟ್ಟದ ಫುಟ್‌ಬಾಲ್ ರೆಫ್ರಿಗಳ ಎದೆಗೆ ಕ್ಯಾಮೆರಾ ಕಟ್ಟಿ ಕಳಿಸುವ ಪ್ರಯೋಗವನ್ನು 2023ರಲ್ಲಿ ಶುರುಮಾಡಬೇಕಾಯಿತು. ಅದೇ ವರ್ಷ ಡಿಸೆಂಬರ್ 11ರಂದು ಟರ್ಕಿಯ ಅಂಕಾರಾದಲ್ಲಿ ಕ್ಲಬ್ಬಿನ ಅಧ್ಯಕ್ಷರೇ ಮೈದಾನಕ್ಕೆ ನುಗ್ಗಿ ರೆಫ್ರಿ ಹಲೀಲ್ ಉಮುತ್ ಮೆಲರ್ ಅವರ ಮುಖಕ್ಕೆ ಗುದ್ದಿದರು, ಇಡೀ ದೇಶದ ಲೀಗು ನಿಂತಿತು. ಗುದ್ದು ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಬೈಗುಳ ಸಾಮಾನ್ಯವಾದ ಮೈದಾನದಲ್ಲಿ ಅದು ಬೆಳೆಯುತ್ತದೆ.

ಗೋವಾದ ಕನ್ನಡಿಗರಾದ ನಮಗೆ ಇದರಲ್ಲಿ ಒಂದು ವಿಶೇಷ ಸಮಸ್ಯೆಯೂ ಇದೆ, ಸ್ವಲ್ಪ ನಗೆ ಬರಿಸುವಂಥದ್ದು. ರೆಫ್ರಿ ಕೊಂಕಣಿಯವರು, ಅವರಿಗೆ ಕನ್ನಡ ಬರುವುದಿಲ್ಲ ಎಂಬ ಧೈರ್ಯದಲ್ಲಿ ನಮ್ಮವರು ಬೆಂಚಿನಿಂದ ಕನ್ನಡದಲ್ಲಿ ಬಿಡಿಸಿ ಬಿಡಿಸಿ ಬೈಯುತ್ತಾರೆ. ಬೈನಾದಲ್ಲೋ ಜುವಾರಿನಗರದಲ್ಲೋ ಬೆಳೆದ ರೆಫ್ರಿಗೆ ಕನ್ನಡದ ಬೈಗುಳ ಗೊತ್ತಿಲ್ಲ ಎಂದುಕೊಳ್ಳುವುದು ಎಷ್ಟು ಸರಿ ಎಂದು ನೀವೇ ಹೇಳಿ. ಯಾವ ಭಾಷೆಯಲ್ಲಿ ಬೈದರೂ ನಿಯಮದ ಕಣ್ಣಿಗೆ ಅದು ಒಂದೇ. ರೆಫ್ರಿಗೆ ಅರ್ಥವಾಗದಿದ್ದರೂ ಪಕ್ಕದಲ್ಲೇ ಕೂತ ಹನ್ನೆರಡು ವರ್ಷದ ಬದಲಿ ಆಟಗಾರನಿಗೆ ಪ್ರತಿ ಅಕ್ಷರವೂ ಅರ್ಥವಾಗುತ್ತದೆ. ಮನೆಯಲ್ಲಿ ಕನ್ನಡ ಮಾತಾಡು ಎಂದು ನಾವು ಒತ್ತಾಯಿಸುವ ಮಗು ಹೊರಗೆ ಕೇಳುವ ಕನ್ನಡ ಅದೇ ಆದರೆ ಹೇಗೆ?

ಇಷ್ಟನ್ನೂ ಇಲ್ಲಿ ಬರೆಯಲು ಕಾರಣವಿದೆ. ಕನ್ನಡ ಸಂಘಗಳು ರಾಜ್ಯೋತ್ಸವದ ಹೊತ್ತಿಗೋ ಬೇಸಿಗೆಗೋ ಕ್ರೀಡಾಕೂಟ ನಡೆಸುತ್ತವೆ. ಕರಪತ್ರದಲ್ಲಿ ಬಹುಮಾನದ ಮೊತ್ತ, ಪ್ರವೇಶ ಶುಲ್ಕ, ಮುಖ್ಯ ಅತಿಥಿಗಳ ಹೆಸರು ಎಲ್ಲ ಇರುತ್ತದೆ. ಕೊನೆಯಲ್ಲಿ ‘ತೀರ್ಪುಗಾರರ ತೀರ್ಮಾನವೇ ಅಂತಿಮ’ ಎಂಬ ಒಂದು ಸಾಲು. ನಿಯಮ ಅಲ್ಲಿಗೆ ಮುಗಿಯಿತು. ಆದರೆ ಆ ಸಾಲು ಕೋಚ್‌ಗೆ ಏನು ಹೇಳುತ್ತದೆ? ನಿನ್ನ ಮಾತಿಗೆ ಇಲ್ಲಿ ಜಾಗವಿಲ್ಲ ಎಂದು. ಜಾಗವಿಲ್ಲದವನು ಕೂಗುತ್ತಾನೆ. ಫೀಬಾ ನಿಯಮದಲ್ಲೂ ರೆಫ್ರಿಯ ಮಾತಿಗೆ ಬೆಲೆ ಇದೆ, ಅದರ ಜತೆಗೆ ಪಂದ್ಯ ಮುಗಿದ ಮೇಲೆ ನಾಯಕ ಸ್ಕೋರ್‌ಶೀಟಿನಲ್ಲಿ ಸಹಿ ಹಾಕಿ ಪ್ರತಿಭಟನೆ ದಾಖಲಿಸಲು ಒಂದು ಅಂಕಣವನ್ನೂ ಇಟ್ಟಿದ್ದಾರೆ. ಆ ಚಿಕ್ಕ ಖಾಲಿ ಜಾಗ ನಮ್ಮ ಕರಪತ್ರಗಳಲ್ಲಿ ಇಲ್ಲ.

ಹಾಗಾಗಿ ಕ್ರೀಡಾ ಸಮಿತಿಗಳ ಮುಂದೆ ಒಂದಿಷ್ಟು ಸಲಹೆ. ಪಂದ್ಯಕ್ಕೆ ಹತ್ತು ನಿಮಿಷ ಮೊದಲು ರೆಫ್ರಿ, ಇಬ್ಬರು ಕೋಚ್, ಇಬ್ಬರು ನಾಯಕರು ಮುಖಾಮುಖಿ ನಿಂತು ಹೆಸರು ಹೇಳಿಕೊಳ್ಳಲಿ. ‘ಏಯ್ ರೆಫ್ರಿ’ ಎಂದು ಕೂಗುವಷ್ಟು ಸುಲಭವಾ‌ಗಿ ಹೆಸರು ಗೊತ್ತಿರುವ ಹುಡುಗನ ಮೇಲೆ ಕೂಗಲು ಬಾಯಿ ಬರುವುದಿಲ್ಲ. ಪ್ರತಿ ಬೆಂಚಿಗೆ ಒಂದೇ ದನಿ ಎಂಬುದನ್ನು ಅಲ್ಲೇ ಹೇಳಿಬಿಡಬೇಕು, ಆ ದನಿ ಯಾರದೆಂದು ಕೋಚ್ ಆರಿಸಲಿ. ಪ್ರಶ್ನೆ ಇದ್ದರೆ ಆಟ ನಿಂತಾಗ, ಕ್ವಾರ್ಟರ್ ನಡುವೆ ಅಥವಾ ಹಾಫ್‌ ಟೈಮ್‌ನಲ್ಲಿ, ನಾಯಕನ ಮೂಲಕ. ಅದೂ ಪ್ರಶ್ನೆಯ ರೂಪದಲ್ಲೇ ಇರಲಿ. ‘ಅದು ಹೇಗೆ ಫೌಲ್’ ಎಂದು ಸವಾಲು ಹಾಕುವುದಕ್ಕೂ ‘ನಮ್ಮ ಹುಡುಗ ಎಲ್ಲಿ ತಪ್ಪಿದ, ಹೇಳಿದರೆ ತಿದ್ದುತ್ತೇನೆ’ ಎಂದು ಕೇಳುವುದಕ್ಕೂ ಬಹಳ ಅಂತರ. ಎರಡನೆಯದಕ್ಕೆ ಉತ್ತರ ಕೊಡದ ರೆಫ್ರಿ ಕಡಿಮೆ, ಆ ಉತ್ತರದಿಂದ ಮುಂದಿನ ಹತ್ತು ನಿಮಿಷಕ್ಕೆ ತಂಡಕ್ಕೆ ಉಪಯೋಗವೂ ಇದೆ. ಪ್ರೇಕ್ಷಕರ ಸಾಲಿನ ಅಪ್ಪ ಅಮ್ಮಂದಿರ ಜವಾಬ್ದಾರಿಯನ್ನೂ ಆಯಾ ತಂಡದ ಕೋಚ್‌ಗೇ ವಹಿಸಬೇಕು. ಪೋಷಕರೊಬ್ಬರು ಅತಿರೇಕ ಮಾಡಿದರೆ ರೆಫ್ರಿ ಆಟ ನಿಲ್ಲಿಸಿ ಕೋಚ್‌ನನ್ನು ಕಳಿಸಲಿ, ಅವರನ್ನು ಸುಮ್ಮನಾಗಿಸುವವರೆಗೆ ಗಡಿಯಾರ ನಿಂತಿರಲಿ.

ಒಂದು ವಿಷಯದಲ್ಲಿ ಮಾತ್ರ ರಿಯಾಯಿತಿ ಬೇಡ. ತಂಡವನ್ನು ಹೊರಗೆ ಕರೆದುಕೊಂಡು ಹೋದ ಕೋಚ್ ಆ ವರ್ಷ ಮತ್ತೆ ಬೆಂಚಿನಲ್ಲಿ ಕೂರುವಂತಿಲ್ಲ ಎಂದು ಮೊದಲೇ ಮುದ್ರಿಸಿಬಿಡಬೇಕು. ತಂಡಕ್ಕೆ ದಂಡ ಬೇಡ. ಮಕ್ಕಳು ಬೇರೆ ಕೋಚ್ ಜತೆ ಮುಂದಿನ ಪಂದ್ಯ ಆಡಲಿ. ಕೊಚ್ಚಿಯ ಹೆಣ್ಣುಮಕ್ಕಳಿಗೆ ಆದದ್ದು ನಮ್ಮ ಅಂಗಳದಲ್ಲಿ ಯಾವ ಮಗುವಿಗೂ ಆಗದ ಹಾಗೆ ನಿಯಮ ಬರೆಯುವುದು ನಮ್ಮ ಕೈಯಲ್ಲೇ ಇದೆ, ಅದಕ್ಕೆ ಯಾವ ಫೆಡರೇಷನ್‌ನ ಅನುಮತಿಯೂ ಬೇಕಿಲ್ಲ.

ಇನ್ನು ದೂರಿನ ಅರ್ಜಿ. ಅರ್ಧ ಪುಟ ಸಾಕು. ಯಾವ ಪಂದ್ಯ, ಯಾವ ನಿಮಿಷ, ಏನಾಯಿತು, ಯಾವ ನಿಯಮ ಮುರಿದಿದೆ ಎಂದು ಕೋಚ್‌ಗೆ ಅನಿಸಿತು, ಇಷ್ಟನ್ನು ಪಂದ್ಯ ಮುಗಿದು ಅರ್ಧ ಗಂಟೆಯೊಳಗೆ ಬರೆದು ಕೊಡಬೇಕು, ಅಂದು ಸಂಜೆಯೊಳಗೆ ಮೂವರ ಸಮಿತಿ ಉತ್ತರ ಬರೆಯಬೇಕು. ಕೊನೆಯ ಪ್ರಶ್ನೆ ಮುಖ್ಯ, ಯಾವ ನಿಯಮ ಎಂದು ಬರೆಯಲು ಕುಳಿತಾಗ ಅರ್ಧಕ್ಕರ್ಧ ದೂರುಗಳು ಅಲ್ಲೇ ಕರಗುತ್ತವೆ, ಉಳಿದವು ನಿಜಕ್ಕೂ ನೋಡಬೇಕಾದವಾಗಿರುತ್ತವೆ. ಅರ್ಜಿ ಕನ್ನಡ, ಕೊಂಕಣಿ, ಇಂಗ್ಲಿಷ್ ಮೂರರಲ್ಲೂ ಇರಲಿ. ಸ್ಕೋರರ್ ಮೇಜಿನ ಮೇಲೆ, ನೀರಿನ ಕ್ಯಾನಿನ ಪಕ್ಕದಲ್ಲಿ, ಪೆನ್ನಿನ ಸಮೇತ ಇಡಬೇಕು.